ವಿಸಿಟ್ ವೀಸಾ ಮತ್ತು ವಲಸೆ ಅನುಮತಿ: ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳುವವರು ಹೊರಡುವ ಮುನ್ನ ಅರಿಯಬೇಕಾದ ಸಂಗತಿಗಳು

ಸಾರ್ವಜನಿಕರ ಮಾಹಿತಿಗಾಗಿ

ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರು ನೆಲೆಸಿರುತ್ತಾರೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಹಾಗೂ ಉತ್ತರ ಕನ್ನಡದ ಭಟ್ಕಳ ಪ್ರದೇಶದಿಂದ ಈ ವಲಸೆ ಹಲವು ದಶಕಗಳಿಂದ ನಡೆದು ಬಂದಿದೆ. ಕರಾವಳಿಯ ಕುಟುಂಬಗಳಲ್ಲಿ ಮೊದಲೇ ಹೋಗಿ ಬಂದ ಅಣ್ಣನೋ ಮಾವನೋ ಇರುವುದರಿಂದ ಯಾವ ವೀಸಾ ಸರಿ, ಯಾವ ಏಜೆಂಟ್ ನಂಬಲರ್ಹ ಎಂಬ ತಿಳಿವಳಿಕೆ ಮನೆಯಲ್ಲಿಯೇ ದೊರೆಯುತ್ತದೆ. ಒಳನಾಡಿನ ಜಿಲ್ಲೆಗಳಿಂದ ಹೊಸದಾಗಿ ಹೊರಡುವವರಿಗೆ ಈ ಅನುಕೂಲವಿಲ್ಲ. ಇಂತಹ ಅರ್ಜಿದಾರರು ಸಾಮಾನ್ಯವಾಗಿ ವಿಚಾರಿಸುವುದು ಪಾಸ್‌ಪೋರ್ಟ್ ಎಷ್ಟು ದಿನಗಳಲ್ಲಿ ಬರುತ್ತದೆ, ಪ್ರಮಾಣಪತ್ರಗಳಿಗೆ ಎಲ್ಲಿ ಮೊಹರು ಹಾಕಿಸಬೇಕು ಎಂಬುದನ್ನು. ಯಾವ ವೀಸಾದಲ್ಲಿ ಹೊರಡುತ್ತಿದ್ದೇವೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಮುಂದೆ ತೊಂದರೆ ಎದುರಾದಾಗ ಸರ್ಕಾರ, ವಿಮಾ ಸಂಸ್ಥೆ ಮತ್ತು ರಾಯಭಾರ ಕಚೇರಿ ಎಷ್ಟರ ಮಟ್ಟಿಗೆ ನೆರವಾಗಬಲ್ಲವು ಎಂಬುದು ಬಹುಪಾಲು ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತದೆ.

ಈಗ ಜಾರಿಯಲ್ಲಿರುವ ಕಾನೂನು

ಉದ್ಯೋಗಕ್ಕಾಗಿ ಹೊರದೇಶಕ್ಕೆ ತೆರಳುವುದನ್ನು ನಿಯಂತ್ರಿಸುವುದು 1983ರ ವಲಸೆ ಕಾಯ್ದೆ. ಇದರ ಬದಲಿಗೆ ಹೊಸ ಕಾನೂನು ತರುವ ಪ್ರಯತ್ನಗಳು 2019 ಮತ್ತು 2021ರಲ್ಲಿ ನಡೆದವು. 2025ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯವು ಮತ್ತೊಂದು ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಕರಡಿನಲ್ಲಿ ಏನಿದೆ ಎಂಬ ಪತ್ರಿಕಾ ವರದಿಗಳನ್ನು ನೆಚ್ಚಿ ಯಾರೂ ಪ್ರಯಾಣ ಗೊತ್ತುಮಾಡಿಕೊಳ್ಳತಕ್ಕದ್ದಲ್ಲ. ಹೊಸ ಕಾಯ್ದೆ ಜಾರಿಗೆ ಬರುವವರೆಗೆ 1983ರ ಕಾಯ್ದೆಯೇ ಅನ್ವಯವಾಗುತ್ತದೆ.

ಸದರಿ ಕಾಯ್ದೆಯ ವ್ಯವಸ್ಥೆ ಹೀಗಿದೆ. ಹತ್ತನೆಯ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ, ಅಂದರೆ ವಲಸೆ ಪರಿಶೀಲನೆ ಅಗತ್ಯವಿರುವ ಪಾಸ್‌ಪೋರ್ಟ್. ಆದಾಯ ತೆರಿಗೆ ಪಾವತಿಸುವವರು, 50 ವರ್ಷ ಮೀರಿದವರು, ಮೂರು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ಇದ್ದು ಬಂದವರು ಮೊದಲಾದ ಕೆಲವು ವರ್ಗಗಳಿಗೆ ವಿನಾಯಿತಿಯಿದೆ. ಇಸಿಆರ್ ಪಾಸ್‌ಪೋರ್ಟ್ ಹೊಂದಿದವರು ಉದ್ಯೋಗಕ್ಕಾಗಿ 18 ರಾಷ್ಟ್ರಗಳಿಗೆ ತೆರಳುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯವರಿಂದ ವಲಸೆ ಅನುಮತಿ ಪಡೆಯತಕ್ಕದ್ದು. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್ ಮತ್ತು ಬಹ್ರೇನ್ ಅಲ್ಲದೆ ಇರಾಕ್, ಜೋರ್ಡಾನ್, ಲೆಬನಾನ್, ಸಿರಿಯಾ, ಯೆಮನ್, ಲಿಬಿಯಾ, ಸುಡಾನ್, ದಕ್ಷಿಣ ಸುಡಾನ್, ಅಫ್ಘಾನಿಸ್ತಾನ, ಮಲೇಷ್ಯಾ, ಇಂಡೋನೇಷ್ಯಾ ಮತ್ತು ಥಾಯ್ಲೆಂಡ್ ಈ ಪಟ್ಟಿಯಲ್ಲಿವೆ. ಅನುಮತಿಯನ್ನು 2014ರಲ್ಲಿ ಆರಂಭವಾದ ‘ಇ-ಮೈಗ್ರೇಟ್’ ಜಾಲತಾಣದ ಮೂಲಕ ನೀಡಲಾಗುತ್ತದೆ. ಬೆಂಗಳೂರಿನಲ್ಲಿಯೂ ಸಂರಕ್ಷಣಾಧಿಕಾರಿಗಳ ಕಚೇರಿ ಇದೆ.

ಈ ಅನುಮತಿಯನ್ನು ಕೇವಲ ಒಂದು ಮೊಹರು ಎಂದು ಭಾವಿಸುವುದು ತಪ್ಪು. ಅನುಮತಿ ನೀಡುವಾಗ ಉದ್ಯೋಗದಾತನ ಹೆಸರು, ಕೆಲಸದ ಸ್ವರೂಪ, ವೇತನ ಮತ್ತು ಒಪ್ಪಂದದ ಅವಧಿ ದಾಖಲಾಗುತ್ತವೆ, ಯಾವ ಏಜೆಂಟ್ ಕಳುಹಿಸಿದನೆಂಬುದು ಸರ್ಕಾರದ ಕಡತಕ್ಕೆ ಸೇರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯನ್ನೂ ಆಗಲೇ ಕಡ್ಡಾಯವಾಗಿ ಪಡೆಯಬೇಕಾಗುತ್ತದೆ. ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಲ್ಲಿ 10 ಲಕ್ಷ ರೂಪಾಯಿಗಳ ವಿಮೆ ಇದಾಗಿದ್ದು, ತೆರಿಗೆ ಹೊರತುಪಡಿಸಿ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಇಷ್ಟು ಕಡಿಮೆ ಮೊತ್ತಕ್ಕೆ ಇಷ್ಟು ರಕ್ಷಣೆ ಬೇರೆಡೆ ದೊರೆಯುವುದು ಕಷ್ಟ. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು, 45 ಭಾರತೀಯರ ಪಾರ್ಥಿವ ಶರೀರಗಳನ್ನು ವಾಯುಪಡೆಯ ವಿಮಾನದಲ್ಲಿ ತರಬೇಕಾಯಿತು. ಮೃತರಲ್ಲಿ ಕರ್ನಾಟಕದವರೂ ಇದ್ದರು. ಪಾಲಿಸಿಯ ಪ್ರತಿ ಮನೆಯಲ್ಲಿ ಇರಬೇಕೆಂಬುದೂ, ನಾಮನಿರ್ದೇಶಿತರ ಹೆಸರು ಪಾಸ್‌ಪೋರ್ಟ್ ಮತ್ತು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಇರಬೇಕೆಂಬುದೂ ಏಕೆ ಎಂಬುದು ಇಂತಹ ದಿನಗಳಲ್ಲಿ ಅರಿವಾಗುತ್ತದೆ.

ವಿಸಿಟ್ ವೀಸಾ ಎಂಬ ಕಿಂಡಿ

ಮೇಲ್ಕಂಡ ವ್ಯವಸ್ಥೆ ಉದ್ಯೋಗದ ಪ್ರಯಾಣಕ್ಕೆ ಮಾತ್ರ ಅನ್ವಯವಾಗುತ್ತದೆ. ಇಸಿಆರ್ ಪಾಸ್‌ಪೋರ್ಟ್ ಇದ್ದರೂ ಪ್ರವಾಸಕ್ಕೆ ಅಥವಾ ಬಂಧುಗಳ ಭೇಟಿಗೆ ತೆರಳುವವರಿಗೆ 2007ರ ಅಕ್ಟೋಬರ್‌ನಿಂದ ಯಾವುದೇ ವಲಸೆ ಅನುಮತಿ ಬೇಕಾಗಿಲ್ಲ. ನೈಜ ಪ್ರವಾಸಿಗರಿಗೆ ಅನುಕೂಲವಾಗಲೆಂದು ಮಾಡಿದ ಈ ಸಡಿಲಿಕೆಯೇ ಅನಧಿಕೃತ ಏಜೆಂಟರಿಗೆ ಹೆದ್ದಾರಿಯಾಗಿ ಪರಿಣಮಿಸಿದೆ. “ಈಗ ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಕಂಪನಿ ವೀಸಾ ಮಾಡಿಸಿಕೊಡುತ್ತೇವೆ” ಎಂಬುದು ಇವರ ಸಾಮಾನ್ಯ ಮಾತು. ಹಾಗೆ ಹೊರಟವನ ಉದ್ಯೋಗದಾತ ಯಾರೆಂಬುದು ಸರ್ಕಾರದ ಯಾವ ಕಡತದಲ್ಲಿಯೂ ಇರುವುದಿಲ್ಲ. ಕಡ್ಡಾಯ ವಿಮೆ ಇರುವುದಿಲ್ಲ, ಏಜೆಂಟನ ಹೆಸರೂ ದಾಖಲಾಗಿರುವುದಿಲ್ಲ.

ತಲುಪಿದ ದೇಶದ ಕಾನೂನಿನ ದೃಷ್ಟಿಯಲ್ಲಿಯೂ ಆತ ಕಾರ್ಮಿಕನಲ್ಲ. ಸಂಯುಕ್ತ ಅರಬ್ ಸಂಸ್ಥಾನವು 2024ರಲ್ಲಿ ತನ್ನ ಕಾರ್ಮಿಕ ಕಾನೂನನ್ನು ತಿದ್ದುಪಡಿ ಮಾಡಿ, ಪರವಾನಗಿಯಿಲ್ಲದೆ ಕಾರ್ಮಿಕರನ್ನು ದುಡಿಸಿಕೊಳ್ಳುವ ಉದ್ಯೋಗದಾತರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ವಿಧಿಸಿದೆ. ದಂಡ ಉದ್ಯೋಗದಾತನಿಗೆ ತಾನೇ ಎಂದು ಸಮಾಧಾನಪಡುವಂತಿಲ್ಲ. ತಪಾಸಣೆಯ ಭಯವಿರುವ ಉದ್ಯೋಗದಾತ ಇಂತಹ ಕಾರ್ಮಿಕನನ್ನು ಯಾವ ದಿನ ಬೇಕಾದರೂ ಹೊರಗೆ ಹಾಕಬಹುದು. ಹೊರಬಿದ್ದವನಿಗೆ ಬಾಕಿ ವೇತನ ಕೇಳಲು ಒಪ್ಪಂದವೇ ಇರುವುದಿಲ್ಲ, ವೀಸಾ ಅವಧಿ ಮೀರಿದ ದಂಡವನ್ನು ಮಾತ್ರ ಆತನೇ ತೆರಬೇಕಾಗುತ್ತದೆ.

ಇನ್ನೊಂದು ಕೊರತೆಯೂ ಇತ್ತೀಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ. 18 ರಾಷ್ಟ್ರಗಳ ಪಟ್ಟಿ ಮುಖ್ಯವಾಗಿ ಕೊಲ್ಲಿಯ ವಲಸೆಯನ್ನು ಗಮನದಲ್ಲಿಟ್ಟುಕೊಂಡದ್ದು. ಹೊಸ ಅಪಾಯಗಳು ಪಟ್ಟಿಯ ಹೊರಗಿನಿಂದ ಬರುತ್ತಿವೆ. 2024ರ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ತೆರಳಿ, ಯುದ್ಧಭೂಮಿಯ ಸಮೀಪ ಸಿಲುಕಿದ್ದು ಬೆಳಕಿಗೆ ಬಂದಿತು. ಅವರು ಮನೆ ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ರಷ್ಯಾ ಪಟ್ಟಿಯಲ್ಲಿಲ್ಲ. ಗಣಕಯಂತ್ರದ ಉದ್ಯೋಗವೆಂದು ಕರೆಸಿಕೊಂಡು ಆನ್‌ಲೈನ್ ವಂಚನೆಯ ಕೆಲಸಕ್ಕೆ ಬಲವಂತವಾಗಿ ಹಚ್ಚುವ ಕೇಂದ್ರಗಳಿರುವ ಮ್ಯಾನ್ಮಾರ್, ಕಾಂಬೋಡಿಯಾ ಮತ್ತು ಲಾವೋಸ್ ಸಹ ಪಟ್ಟಿಯಲ್ಲಿಲ್ಲ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಇಂತಹ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ಥಾಯ್ಲೆಂಡ್ ಮಾರ್ಗವಾಗಿ ಎರಡು ವಿಮಾನಗಳಲ್ಲಿ ಕರೆತರಲಾಯಿತು. ಈ ಕೇಂದ್ರಗಳು ಅರಸುವುದು ಇಂಗ್ಲಿಷ್ ಮತ್ತು ಗಣಕಯಂತ್ರ ಬಲ್ಲವರನ್ನು. ಎಂದರೆ ಹತ್ತನೆಯ ತರಗತಿ ದಾಟಿದ, ಕಾನೂನಿನ ಪ್ರಕಾರ ಪರಿಶೀಲನೆಯೇ ಬೇಕಿಲ್ಲದ ಯುವಜನರನ್ನು.

ಪರಿಶೀಲನೆ ಬೇಕಿಲ್ಲದ ಪಾಸ್‌ಪೋರ್ಟ್ ಹೊಂದಿದವರೂ ಸದರಿ 18 ರಾಷ್ಟ್ರಗಳಿಗೆ ಉದ್ಯೋಗಕ್ಕೆ ಹೋಗುವ ಮುನ್ನ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಲು 2018ರ ನವೆಂಬರ್‌ನಲ್ಲಿ ಪ್ರಕಟಣೆ ಹೊರಟಿತ್ತು. ಅದನ್ನು ಅದೇ ತಿಂಗಳಲ್ಲಿ ತಡೆಹಿಡಿಯಲಾಯಿತು. ಈಗ ಆ ನೋಂದಣಿ ಸ್ವಯಂಪ್ರೇರಿತ. ಕಡ್ಡಾಯವಲ್ಲವೆಂಬ ಕಾರಣಕ್ಕೆ ಪದವೀಧರರು ಇದನ್ನು ಅಲಕ್ಷಿಸುವುದು ಸರಿಯಲ್ಲ.

ಸ್ವಂತ ವ್ಯಾಪಾರಕ್ಕೆ ತೆರಳುವವರ ಸ್ಥಿತಿ ಇನ್ನೂ ಭಿನ್ನ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ, ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅಲ್ಲಿ ಸಿಲುಕಿದ್ದರು. ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯಲ್ಲಿ ಒಟ್ಟು 3,800ಕ್ಕೂ ಹೆಚ್ಚು ಭಾರತೀಯರನ್ನು ಸ್ಥಳಾಂತರಿಸಲಾಯಿತು. ಉದ್ಯೋಗದಾತನೇ ಇಲ್ಲದ ಇಂತಹವರ ವಿಳಾಸ ಕಂಪನಿಯ ಕಡತದಿಂದ ಸಿಗುವಂಥದ್ದಲ್ಲ. ಆದುದರಿಂದ ಇವರು ತಲುಪಿದ ಕೂಡಲೇ ರಾಯಭಾರ ಕಚೇರಿಯಲ್ಲಿ ತಮ್ಮ ಹೆಸರು, ಊರು, ದೂರವಾಣಿ ಸಂಖ್ಯೆ ದಾಖಲಿಸುವುದು ಅತ್ಯವಶ್ಯ.

ಏಜೆಂಟರ ಶುಲ್ಕ ಮತ್ತು ಸಾಲದ ಲೆಕ್ಕ

ಕೇಂದ್ರ ಸರ್ಕಾರದ ನೋಂದಣಿ ಪ್ರಮಾಣಪತ್ರವಿಲ್ಲದೆ ವಿದೇಶಿ ಉದ್ಯೋಗಕ್ಕೆ ನೇಮಕಾತಿ ಮಾಡುವುದು ಕಾಯ್ದೆಯ 10ನೆಯ ಪ್ರಕರಣದಂತೆ ನಿಷಿದ್ಧ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಕಚೇರಿಯ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ನೋಡಿ ತೃಪ್ತರಾಗದೆ, ಅದರ ಸಂಖ್ಯೆ ಮತ್ತು ಸಿಂಧುತ್ವದ ದಿನಾಂಕವನ್ನು ಜಾಲತಾಣದಲ್ಲಿ ಹೋಲಿಸಿ ನೋಡತಕ್ಕದ್ದು. ನೋಂದಾಯಿತ ಏಜೆಂಟನ ‘ಉಪ ಏಜೆಂಟ್’ ಎಂದು ಹೇಳಿಕೊಂಡು ಹಳ್ಳಿಗೆ ಬರುವವರಿಗೆ ಹಣ ಕೊಟ್ಟರೆ, ಆ ಹಣಕ್ಕೆ ನೋಂದಾಯಿತ ಏಜೆಂಟ್ ಉತ್ತರದಾಯಿಯೆಂದು ಸಾಧಿಸುವುದು ಬಹಳ ಕಷ್ಟ.

ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಸೇರಿ 35,400 ರೂಪಾಯಿ. ಇದನ್ನು ಬ್ಯಾಂಕ್ ಮೂಲಕವೇ ಪಾವತಿಸಿ ರಸೀದಿ ಪಡೆಯತಕ್ಕದ್ದು. ಇದಕ್ಕಿಂತ ಹೆಚ್ಚಿನ ಮೊತ್ತ ಕೊಡುವುದು ಊರಿನಲ್ಲಿ ವಾಡಿಕೆಯಾಗಿದೆ ಎಂಬ ಕಾರಣಕ್ಕೆ ಅದು ಕ್ರಮಬದ್ಧವಾಗುವುದಿಲ್ಲ.

ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಒಬ್ಬ ಅಭ್ಯರ್ಥಿ 1,20,000 ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ಮಾಡಿ ಏಜೆಂಟನಿಗೆ ಕೊಟ್ಟನೆಂದು ಭಾವಿಸೋಣ. ಮೊದಲ ತಿಂಗಳ ಬಡ್ಡಿಯೇ 3,600 ರೂಪಾಯಿ. ಆತ ಊಟ, ವಸತಿ ಕಳೆದು ತಿಂಗಳಿಗೆ 18,000 ರೂಪಾಯಿ ಉಳಿಸಿ ಪೂರ್ತಿ ಸಾಲಕ್ಕೇ ಕಟ್ಟಿದರೂ ತೀರುವುದು ಎಂಟನೆಯ ತಿಂಗಳಲ್ಲಿ. ಹೇಳಿದ ಸಂಬಳ ಸಿಗದೆ ಉಳಿತಾಯ 9,000 ರೂಪಾಯಿಗೆ ಇಳಿದರೆ, ಅರ್ಧ ಉಳಿತಾಯಕ್ಕೆ ದುಪ್ಪಟ್ಟು ಕಾಲ ಸಾಕಾಗುವುದಿಲ್ಲ. ಬಡ್ಡಿ ಬೆಳೆಯುವುದರಿಂದ ಹದಿನೆಂಟನೆಯ ತಿಂಗಳವರೆಗೆ ದುಡಿಯಬೇಕಾಗುತ್ತದೆ. ಎರಡು ವರ್ಷಗಳ ಒಪ್ಪಂದದಲ್ಲಿ ಕುಟುಂಬಕ್ಕೆ ಉಳಿಯುವುದು ಆರು ತಿಂಗಳ ದುಡಿಮೆ ಮಾತ್ರ. ಅದೇ ಬಡ್ಡಿಗೆ ನಿಗದಿತ 35,400 ರೂಪಾಯಿ ಮಾತ್ರ ಸಾಲ ಮಾಡಿದ್ದಲ್ಲಿ, 18,000 ರೂಪಾಯಿ ಉಳಿತಾಯದಿಂದ ಎರಡು ತಿಂಗಳಿಗೆ ತುಸು ಮೇಲಾದಾಗ ಋಣ ಮುಗಿಯುತ್ತಿತ್ತು. ಕೆಲಸ ಸರಿಯಿಲ್ಲವೆಂದು ತಿಳಿದ ಮೇಲೂ ಬಿಟ್ಟು ಬರಲಾಗದೆ ದುಡಿಯುವವರ ಅಸಹಾಯಕತೆಗೆ ಬಹುಮಟ್ಟಿಗೆ ಈ ಲೆಕ್ಕವೇ ಕಾರಣ.

‘ಫ್ರೀ ವೀಸಾ’ ಅಥವಾ ‘ಆಜಾದ್ ವೀಸಾ’ ಎಂಬ ಹೆಸರಿನ ವೀಸಾ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ. ಒಬ್ಬನ ಹೆಸರಿನಲ್ಲಿ ವೀಸಾ ಪಡೆದು ಇನ್ನೊಬ್ಬನ ಬಳಿ ದುಡಿಯುವ ಅನಧಿಕೃತ ಏರ್ಪಾಡಿಗೆ ಜನರು ಇಟ್ಟ ಹೆಸರು ಅದು.

ಮಹಿಳೆಯರ ವಿಷಯದಲ್ಲಿ ಪ್ರತ್ಯೇಕ ನಿಯಮವಿದೆ. ಇಸಿಆರ್ ಪಾಸ್‌ಪೋರ್ಟ್ ಹೊಂದಿದ 30 ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರಿಗೆ ಸದರಿ ರಾಷ್ಟ್ರಗಳಲ್ಲಿ ಉದ್ಯೋಗಕ್ಕೆ ವಲಸೆ ಅನುಮತಿ ನೀಡಲಾಗುವುದಿಲ್ಲ. ಮನೆಗೆಲಸದ ಹೆಸರಿನಲ್ಲಿ ವಿಸಿಟ್ ವೀಸಾ ಕೊಡಿಸುವವರನ್ನು ಈ ಕಾರಣದಿಂದಲೇ ಸಂಶಯಿಸಬೇಕು. ರಾಜ್ಯದಲ್ಲಿ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ಮೊದಲು ವಿಚಾರಿಸುವುದು ಸುರಕ್ಷಿತ.

ಒಪ್ಪಂದದಲ್ಲಿ ಮೂಲ ವೇತನ

ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2016ರ ಜನವರಿಯಿಂದ ಉದ್ಯೋಗದ ಪ್ರಸ್ತಾವ ಪತ್ರವನ್ನು ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿಯೂ ನೀಡುವ ಪದ್ಧತಿ ಜಾರಿಗೆ ಬಂದಿತು. ಆಗ ಗೊತ್ತುಮಾಡಿದ ಭಾಷೆಗಳಲ್ಲಿ ಹಿಂದಿ, ಮಲಯಾಳ, ತಮಿಳು, ಉರ್ದು ಇದ್ದವು, ಕನ್ನಡ ಇರಲಿಲ್ಲ. ಕನ್ನಡ ಮಾತ್ರ ಬಲ್ಲವರು ಸಹಿ ಮಾಡುವ ಮುನ್ನ ಪತ್ರವನ್ನು ಏಜೆಂಟನಲ್ಲದ ಬೇರೊಬ್ಬರಿಂದ ಓದಿಸಿಕೊಳ್ಳತಕ್ಕದ್ದು.

ಓದುವಾಗ ಒಟ್ಟು ವೇತನಕ್ಕಿಂತ ಮೂಲ ವೇತನದ ಮೇಲೆ ಗಮನವಿರಲಿ. ಅಲ್ಲಿಯ ಕಾನೂನಿನಂತೆ ಒಂದು ವರ್ಷ ಪೂರೈಸಿದ ಕಾರ್ಮಿಕನಿಗೆ ಸೇವಾಂತ್ಯದ ಉಪದಾನವು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಮೂಲ ವೇತನದಷ್ಟು. ಒಟ್ಟು ವೇತನ 1,500 ದಿರ್ಹಂ ಇದ್ದು ಮೂಲ ವೇತನ 800 ದಿರ್ಹಂ ಮಾತ್ರ ಎಂದಿದ್ದರೆ ಐದು ವರ್ಷಗಳ ಉಪದಾನ 2,800 ದಿರ್ಹಂ. ಪೂರ್ತಿ 1,500 ದಿರ್ಹಂ ಮೂಲ ವೇತನವೆಂದಿದ್ದರೆ 5,250 ದಿರ್ಹಂ. ತಿಂಗಳ ಸಂಬಳ ಎರಡರಲ್ಲಿಯೂ ಒಂದೇ ಆದುದರಿಂದ ಸಹಿ ಮಾಡುವ ದಿನ ಈ ಅಂತರ ಕಣ್ಣಿಗೆ ಬೀಳುವುದಿಲ್ಲ. ನೇಮಕಾತಿ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡುವುದನ್ನೂ ಆ ದೇಶದ ಕಾನೂನು ನಿಷೇಧಿಸುತ್ತದೆ.

ದಾಖಲೆಗಳ ದೃಢೀಕರಣ

ವಿದೇಶದಲ್ಲಿ ಬಳಸುವ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯದ ಸಕ್ಷಮ ಪ್ರಾಧಿಕಾರದ, ಬಳಿಕ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಅಪೊಸ್ಟಿಲ್ ಒಡಂಬಡಿಕೆಗೆ ಸೇರಿದ ದೇಶಗಳಿಗೆ ಅಪೊಸ್ಟಿಲ್ ಮುದ್ರೆಯೇ ಸಾಕು, ಸಚಿವಾಲಯದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಒಮಾನ್ ಮತ್ತು ಬಹ್ರೇನ್ ಮೊದಲೇ ಸೇರಿದ್ದು, ಸೌದಿ ಅರೇಬಿಯಾದಲ್ಲಿ ಇದು 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್ ಮತ್ತು ಕುವೈತ್‌ಗಳಿಗೆ ಆಯಾ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಸಾಮಾನಿನ ವಿಷಯದಲ್ಲಿ ಒಂದು ಮಾತು. ಪಾಯಸಕ್ಕೆ ಬಳಸುವ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸೌದಿ ಅರೇಬಿಯಾದಲ್ಲಿ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ತಾಯಂದಿರು ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪೊಟ್ಟಣದಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಬೇಕು. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯುವಂತಿಲ್ಲ.

ತೆರಿಗೆ, ಬ್ಯಾಂಕ್ ಖಾತೆ ಮತ್ತು ಜಮೀನು

ಉದ್ಯೋಗಕ್ಕಾಗಿ ದೇಶ ಬಿಡುವವರು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಗಳಿಗಿಂತ ಕಡಿಮೆ ಇದ್ದರೆ ಆದಾಯ ತೆರಿಗೆಯ ದೃಷ್ಟಿಯಿಂದ ಅನಿವಾಸಿಗಳಾಗುತ್ತಾರೆ. ಏಪ್ರಿಲ್ 1ರಿಂದ ಇಲ್ಲಿಯೇ ಇದ್ದು ಸೆಪ್ಟೆಂಬರ್ 28ರಂದು ಹೊರಟವರ ವಾಸ 181 ದಿನ. ಅಕ್ಟೋಬರ್ ಮಧ್ಯದಲ್ಲಿ ಹೊರಟವರು ಆ ವರ್ಷಕ್ಕೆ ಸಾಮಾನ್ಯವಾಗಿ ನಿವಾಸಿಗಳಾಗಿಯೇ ಉಳಿಯುತ್ತಾರೆ ಮತ್ತು ಮಾರ್ಚ್‌ವರೆಗೆ ವಿದೇಶದಲ್ಲಿ ಗಳಿಸಿದ ವೇತನವನ್ನೂ ಇಲ್ಲಿ ಘೋಷಿಸಬೇಕಾಗುತ್ತದೆ. ಹೊರಡುವ ದಿನಾಂಕ ತಮ್ಮ ಕೈಯಲ್ಲಿರುವವರು ಇದನ್ನು ಗಮನಿಸುವುದು ಲಾಭಕರ.

ವಿದೇಶಿ ವಿನಿಮಯ ಕಾನೂನಿನ ಅಳತೆ ಬೇರೆ. ಅದರಂತೆ ಉದ್ಯೋಗಕ್ಕೆ ತೆರಳಿದ ಕೂಡಲೇ ವ್ಯಕ್ತಿ ಅನಿವಾಸಿ. ಆದುದರಿಂದ ಈಗಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಲು ಬ್ಯಾಂಕಿಗೆ ತಿಳಿಸತಕ್ಕದ್ದು. ವಿದೇಶದ ಗಳಿಕೆಗೆ ಎನ್‌ಆರ್‌ಇ ಖಾತೆ ತೆರೆಯಬಹುದು, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಈಗಾಗಲೇ ಇರುವ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದನ್ನು ತೆರೆಯುವಂತಿಲ್ಲ.

ಕೃಷಿ ಜಮೀನಿನ ಬಗ್ಗೆ ಅನಗತ್ಯ ಭಯವಿದೆ. ಮೊದಲೇ ಇದ್ದ ಜಮೀನು ಕೈತಪ್ಪುವುದಿಲ್ಲ, ಪಿತ್ರಾರ್ಜಿತವಾಗಿಯೂ ಪಡೆಯಬಹುದು. ಅನಿವಾಸಿಯಾಗಿರುವಾಗ ಹೊಸದಾಗಿ ಕೃಷಿ ಭೂಮಿ, ತೋಟ ಅಥವಾ ತೋಟದ ಮನೆ ಖರೀದಿಸಲು ಮಾತ್ರ ಅವಕಾಶವಿಲ್ಲ. ಜಮೀನಿನ ವ್ಯವಹಾರಕ್ಕಾಗಿ ಅಲ್ಲಿಂದ ಕಳುಹಿಸಿದ ಅಧಿಕಾರ ಪತ್ರಕ್ಕೆ, ಅದು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು.

ವಿದೇಶದ ಬ್ಯಾಂಕ್ ಸಾಲದ ಕುರಿತು ಹಳೆಯ ನಂಬಿಕೆಯೊಂದನ್ನು ತಿದ್ದುವುದು ಅವಶ್ಯ. ವಿಮಾನ ಹತ್ತಿದರೆ ಸಾಲ ಅಲ್ಲಿಯೇ ಉಳಿಯಿತು ಎಂಬ ಮಾತು ಈಗ ನಿಜವಲ್ಲ. 2020ರ ಜನವರಿಯ ಅಧಿಸೂಚನೆಯಂತೆ ಸಂಯುಕ್ತ ಅರಬ್ ಸಂಸ್ಥಾನದ ಗೊತ್ತುಪಡಿಸಿದ ಸಿವಿಲ್ ನ್ಯಾಯಾಲಯಗಳ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಪ್ರಕರಣದಡಿ ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿ ಮಾಡಿಸಬಹುದಾಗಿದೆ.

ದೂರು ಮತ್ತು ನೆರವು

ಅನಧಿಕೃತ ನೇಮಕಾತಿಗೆ ವಲಸೆ ಕಾಯ್ದೆಯಡಿ ಎರಡು ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು 2,000 ರೂಪಾಯಿಗಳವರೆಗೆ ದಂಡವಿದೆ. ನಾಲ್ಕು ದಶಕಗಳ ಹಿಂದೆ ನಿಗದಿಯಾದ ಈ ದಂಡದ ಮೊತ್ತ ಇಂದಿನ ಏಜೆಂಟರನ್ನು ಹೆದರಿಸುವಂತಿಲ್ಲ ಎಂಬುದು ಸ್ಪಷ್ಟ. ಆದರೆ ದೂರು ನೀಡುವವರಿಗೆ ಅನುಕೂಲಕರವಾದ ಒಂದು ಅಂಶ ಅದೇ ಕಾಯ್ದೆಯಲ್ಲಿದ್ದು, ಹೆಚ್ಚು ಪ್ರಚಾರ ಪಡೆದಿಲ್ಲ. ಸಾಮಾನ್ಯವಾಗಿ ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವ ಮಂಜೂರಾತಿ ಬೇಕು. ಮೋಸಹೋದ ವಲಸಿಗ ಸ್ವತಃ ದೂರು ನೀಡಿದಲ್ಲಿ, ಅಥವಾ ಆತನ ಪರವಾಗಿ ತಂದೆ, ತಾಯಿ, ಪತಿ, ಪತ್ನಿ, ಮಕ್ಕಳು, ಸಹೋದರ ಅಥವಾ ಸಹೋದರಿ ದೂರು ನೀಡಿದಲ್ಲಿ ಈ ಮಂಜೂರಾತಿಯ ಅಗತ್ಯವಿಲ್ಲ. ವಂಚನೆಗಾಗಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದಡಿ ಸ್ಥಳೀಯ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ಎರಡಕ್ಕೂ ಹಣ ಪಾವತಿಯ ರಸೀದಿ, ಏಜೆಂಟನೊಂದಿಗಿನ ಸಂದೇಶಗಳು, ವೀಸಾ ಮತ್ತು ಪ್ರಸ್ತಾವ ಪತ್ರದ ಪ್ರತಿಗಳು ಬೇಕಾಗುವುದರಿಂದ ಹೊರಡುವ ಮುನ್ನವೇ ಒಂದು ಪ್ರತಿಯನ್ನು ಮನೆಯವರ ವಶಕ್ಕೆ ಕೊಡತಕ್ಕದ್ದು.

ವಿದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದವರು ಅಥವಾ ಅವರ ಕುಟುಂಬದವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ನಿರ್ಗತಿಕರ ತಾತ್ಕಾಲಿಕ ವಸತಿ, ಸ್ವದೇಶಕ್ಕೆ ಮರಳುವ ವಿಮಾನದ ವೆಚ್ಚ, ಪಾರ್ಥಿವ ಶರೀರದ ಸಾಗಣೆ ಇವುಗಳಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ವಿಸಿಟ್ ವೀಸಾದಲ್ಲಿ ತೆರಳಿ ತೊಂದರೆಗೊಳಗಾದವರೂ ಸಂಕೋಚವಿಲ್ಲದೆ ರಾಯಭಾರ ಕಚೇರಿಯನ್ನು ಸಂಪರ್ಕಿಸಬಹುದು. ಹೊರಡುವ ಮುನ್ನ ಏಜೆಂಟ್ ಅಥವಾ ಉದ್ಯೋಗದಾತನ ಬಗ್ಗೆ ಸಂಶಯವಿದ್ದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ದೂರವಾಣಿ 1800 11 3090ಕ್ಕೆ ಕರೆ ಮಾಡಿ ವಿಚಾರಿಸಬಹುದಾಗಿದೆ.